ಬೀಜಕ್ಕೆ ಬಿಟ್ಟ ಕುಂಬಳಕಾಯಿ

"ಸಿಸ್ಟರ್! ಕಾಯಿ ಇಲ್ಲ! ಸಿಸ್ಟರ್!"

ಭಾನುವಾರ ಬೆಳಿಗ್ಗೆ ಆರೂಕಾಲಕ್ಕೆ ಹಿತ್ತಿಲಿನಿಂದ ಈ ಕೂಗು ಕೇಳಿಬಂತು. ವಾರವಿಡೀ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು, ಎರಡು ಮಕ್ಕಳ ಹಿಂದೆ ಓಡಾಡಿ, ಒಂದೇ ಒಂದು ದಿನ ಏಳು ಗಂಟೆಯವರೆಗೆ ಮಲಗುವವಳು ನಾನು. ಆ ಹೊತ್ತಿನಲ್ಲಿ ಆಕಾಶ ಕಳಚಿ ಬಿದ್ದರೂ "ಏಳಕ್ಕೆ ನೋಡೋಣ" ಎಂದು ಮಗ್ಗುಲು ಬದಲಿಸಿಬಿಡುತ್ತಿದ್ದೆ. ಆದರೆ ಕೂಗಿದವರು ಡ್ರೈವರ್ ಮಾವ. ಮೂವತ್ತೆರಡು ವರ್ಷ ಬಸ್ಸು ಓಡಿಸಿದ ಅವರು ಹಾರ್ನ್ ಹೊರತು ಬೇರಾವುದರಿಂದಲೂ ಸದ್ದು ಮಾಡಿದವರಲ್ಲ.

ನಾನು ಬಾಗಿಲು ತೆರೆಯುವಷ್ಟರಲ್ಲಿ ಎದುರು ಮನೆಯ ಸಿಸ್ಟರಮ್ಮ ಸ್ವೆಟರ್ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು ಮೆಟ್ಟಿಲ ಬಳಿ ನಿಂತಿದ್ದರು.

"ಬಾರೇ, ಕೈ ಕೊಡು. ಈ ಮಂಡಿ ಇನ್ನೂ ನನ್ನ ಮಾತು ಕೇಳ್ತಿಲ್ಲ," ಎಂದರು.

ಸಿಸ್ಟರಮ್ಮ ನಲವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು, ಹೆಡ್ ನರ್ಸ್ ಆಗಿ ನಿವೃತ್ತರಾದವರು. ನಮ್ಮ ಮೂರು ಅಂತಸ್ತಿನ ಕಟ್ಟಡದಲ್ಲಿ ಏನು ಕಳೆದರೂ, ಯಾರು ಮುನಿಸಿಕೊಂಡರೂ ಮೊದಲು ಬಡಿಯುವ ಬಾಗಿಲು ಅವರದು. ಮೇಲಿನ ಟ್ಯಾಂಕಿನ ನೀರು ದಿನಾ ಮಧ್ಯಾಹ್ನ ಮಾಯವಾಗುತ್ತಿದ್ದದ್ದನ್ನೂ, ಮೂರನೇ ಮಹಡಿಯವರ ಪಾರ್ಸೆಲ್ ಒಂದು ವಾರ ಅಲೆದಾಡಿದ್ದನ್ನೂ ಪತ್ತೆ ಮಾಡಿದ್ದು ಅವರೇ. ಅವರಿಗೊಂದು ಸೂತ್ರವಿತ್ತು: "ರೋಗಿ ಸುಳ್ಳು ಹೇಳಬಹುದು ಕಣೇ. ಹಾಸಿಗೆ ಹೇಳಲ್ಲ." ಅಂಥ ಸಮಯದಲ್ಲೆಲ್ಲ ಅವರ ಚೀಲ, ಟಾರ್ಚು, ಕೆಲವೊಮ್ಮೆ ಅವರನ್ನೇ ಹಿಡಿದುಕೊಂಡು ಹಿಂದೆ ಹೋಗುತ್ತಿದ್ದವಳು ನಾನು.

ಹಿತ್ತಿಲು ಎಂದರೆ ದೊಡ್ಡದೇನಲ್ಲ. ಇಟ್ಟಿಗೆ ಹಾಸಿದ ಒಂದು ಕಾಲುದಾರಿ, ಅದರ ಎರಡೂ ಬದಿಗೆ ನಾಲ್ಕು ಪಾತಿ. ಮಳೆ ಹಿಂದೆ ಸರಿದು, ಚಳಿ ಇನ್ನೂ ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದ ದಿನಗಳು ಅವು. ಟೈಲರಮ್ಮನ ಹುರುಳಿಕಾಯಿ ಬಳ್ಳಿಯ ಮೇಲೇ ಒಣಗಿ, ಗಾಳಿ ಬೀಸಿದರೆ ಗಲಗಲ ಎನ್ನುತ್ತಿತ್ತು. ಸಿಸ್ಟರಮ್ಮನ ಪರವಾಗಿ ನಾನು ಬಿತ್ತಿದ ಕ್ಯಾರೆಟ್ಟುಗಳ ಕೆಂಪು ತಲೆ ಮಣ್ಣಿನಿಂದ ಇಣುಕುತ್ತಿತ್ತು. ನನ್ನ ಟೊಮೆಟೊ ಗಿಡಗಳಲ್ಲಿ ಹಣ್ಣಾಗಲೊಲ್ಲದ ಹಸಿರು ಕಾಯಿಗಳು ಹಟ ಹಿಡಿದು ಕೂತಿದ್ದವು. ಆ ಭಾನುವಾರ ಎಲ್ಲರೂ ಒಟ್ಟಿಗೆ ಕೊಯ್ಲು ಮಾಡುವುದೆಂದು ಮಾತಾಗಿತ್ತು.

ನಾಲ್ಕನೇ ಪಾತಿಯ ಮುಂದೆ ಡ್ರೈವರ್ ಮಾವ ಕುಕ್ಕರಗಾಲಲ್ಲಿ ಕುಳಿತಿದ್ದರು. ಬಾಡಿದ ಬಳ್ಳಿಗಳ ನಡುವೆ, ಹುಲ್ಲು ಹಾಸಿದ ಜಾಗದಲ್ಲಿ, ಒಂದು ಗುಂಡನೆಯ ತಗ್ಗು. ನಿನ್ನೆ ಸಂಜೆಯವರೆಗೂ ಅಲ್ಲಿ ಬೂದು ಬಣ್ಣದ, ಏಣೇಣಾದ, ಮಗುವಿನಷ್ಟು ತೂಕದ ಒಂದು ಕುಂಬಳಕಾಯಿ ಇತ್ತು.

"ಇವತ್ತು ಕೊಯ್ಯೋನಿದ್ದೆ ಸಿಸ್ಟರ್," ಎಂದರು. "ಬೀಜ ತೆಗೆದು ಒಣಗಿಸಿ..."

ಆ ಕಾಯಿ ಅವರಿಗೆ ಏನಾಗಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಡ್ರೈವರ್ ಮಾವನ ಹೆಂಡತಿಯನ್ನು ನಾನು ಅತ್ತೆ ಎಂದೇ ಕರೆಯುತ್ತಿದ್ದೆ. ಅವರು ತಮ್ಮ ತಾಯಿಯ ಮನೆಯಿಂದ ತಂದ ಬೀಜ ಅದು. ಪ್ರತಿ ವರ್ಷ ಒಂದು ಕಾಯಿಯನ್ನು ಬೀಜಕ್ಕೆಂದೇ ಬಿಟ್ಟು, ಮುಂದಿನ ವರ್ಷಕ್ಕೆ ಎತ್ತಿಡುತ್ತಿದ್ದರು. ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಬೆಂಕಿಪೊಟ್ಟಣದಲ್ಲಿ ಉಳಿದಿದ್ದ ಏಳು ಬೀಜವನ್ನೂ ಮಾವ ಈ ವರ್ಷ ಬಿತ್ತಿದ್ದರು. ನಾಲ್ಕು ಬಳ್ಳಿ ಹಬ್ಬಿದವು. ಕಾಯಿ ಕಟ್ಟಿದ್ದು ಒಂದೇ. ಅದೂ ಹೋದರೆ ಆ ತಳಿಯೇ ಹೋದಂತೆ.

"ಇದು ಆ ಟೈಲರಮ್ಮಂದೇ ಕೆಲಸ," ಎಂದರು ಮಾವ ಥಟ್ಟನೆ. "ಬಳ್ಳಿ ಬಟ್ಟೆ ಹಗ್ಗಕ್ಕೆ ಹಬ್ಬತ್ತೆ ಅಂತ ವರ್ಷ ಎಲ್ಲಾ ಗೊಣಗಿದ್ರು. ಒಂದಿನ ಕತ್ತರಿ ಹಾಕಿಬಿಡ್ತೀನಿ ಅಂದಿದ್ದು ನೀವೂ ಕೇಳಿದೀರಿ."

"ನಾನಾ?" ಮೊದಲ ಮಹಡಿಯ ಕಿಟಕಿಯಿಂದ ಟೈಲರಮ್ಮನ ತಲೆ ಹೊರಬಂತು. "ಡ್ರೈವರಣ್ಣ, ರಾತ್ರಿ ಒಂದು ಗಂಟೆವರೆಗೆ ಬ್ಲೌಸ್ ಹೊಲಿದು ಸತ್ತು ಮಲಗಿದೀನಿ. ನಿಮ್ಮ ಕೂಗಿಗೇ ಎಚ್ಚರ ಆಗಿದ್ದು. ನಿಮ್ಮ ಕಾಯಿ ಕದ್ದು ನಾನೇನು ಅದಕ್ಕೆ ಲೈನಿಂಗ್ ಹಾಕ್ಲಾ?"

ಗಲಾಟೆ ಕೇಳಿ ಹಿಂದಿನ ಬಾಗಿಲಿನಿಂದ ಬ್ರೆಡ್ಡಣ್ಣನೂ ಬಂದ. ನೆಲಮಹಡಿಯಲ್ಲಿ ಅವನ ಬೇಕರಿ. ತೋಳಿನವರೆಗೂ ಹಿಟ್ಟು, ಹಣೆಯ ಮೇಲೆ ಬೆವರು.

"ಏನಾಯ್ತು ಭಾವ?" ಎಂದ. ಅವನು ಡ್ರೈವರ್ ಮಾವನನ್ನು ಯಾವಾಗಲೂ ಭಾವ ಎಂದೇ ಕರೆಯುತ್ತಿದ್ದ. ಅಂಗಡಿಯವರ ಬೆಣ್ಣೆಮಾತು ಅದು ಎಂದು ಮಾವ ಹಿಂದಿನಿಂದ ಹೇಳುತ್ತಿದ್ದರು.

"ಕುಂಬಳಕಾಯಿ ಕಳ್ಳತನ ಆಗಿದೆ," ಎಂದು ಟೈಲರಮ್ಮ ಕಿಟಕಿಯಿಂದಲೇ ಸಾರಿದರು. ಬ್ರೆಡ್ಡಣ್ಣ ಹೆಗಲು ಉಜ್ಜಿಕೊಂಡ. "ಅಗೋ! ಮುಟ್ಟಿ ನೋಡ್ಕೊಂಡ ಹೆಗಲು! ಗಾದೆ ಸುಳ್ಳಾಗತ್ತಾ?" ಎಂದು ಟೈಲರಮ್ಮ ಕೂಗಿದರು.

"ಅಯ್ಯೋ, ಬೆಳಿಗ್ಗೆಯಿಂದ ನಾಲ್ಕು ಮೂಟೆ ಮೈದಾ ಹೊತ್ತಿದೀನಿ ಕಣ್ರಮ್ಮ."

ಅಷ್ಟರಲ್ಲಿ ನನ್ನ ಕೈ ನನ್ನ ಹೆಗಲ ಮೇಲಿತ್ತು. ಟೈಲರಮ್ಮ ತಮ್ಮ ಕತ್ತು ನೀವಿಕೊಳ್ಳುತ್ತಿದ್ದರು. ಮಾವನ ಬಲ ಹೆಗಲಂತೂ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಯಾವತ್ತೋ ಕೆಟ್ಟಿತ್ತು.

"ಈ ಕಟ್ಟಡದಲ್ಲಿ ದುಡಿಯೋರ ಹೆಗಲೆಲ್ಲಾ ನೋಯತ್ತೆ," ಎಂದರು ಸಿಸ್ಟರಮ್ಮ. "ಗಾದೆ ಇಲ್ಲಿ ಕೆಲಸಕ್ಕೆ ಬರಲ್ಲ. ಎಲ್ಲರೂ ಇಟ್ಟಿಗೆ ಮೇಲೆ ನಿಲ್ಲಿ. ನಾನು ಹಾಸಿಗೆ ನೋಡಬೇಕು."

ನನ್ನ ಹೆಗಲು ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ಅವರು ಮೊದಲು ತಗ್ಗಿನಲ್ಲಿದ್ದ ಹುಲ್ಲನ್ನು ಮುಟ್ಟಿದರು. ನನ್ನನ್ನೂ ಮುಟ್ಟಿ ನೋಡು ಎಂದರು. ಸುತ್ತ ಎಲ್ಲ ಒದ್ದೆ. ತಗ್ಗಿನೊಳಗಿನ ಹುಲ್ಲು ಮಾತ್ರ ಗರಿಗರಿ ಒಣಗಿತ್ತು.

"ರಾತ್ರಿ ಮಳೆ ಎಷ್ಟು ಹೊತ್ತಿಗೆ ನಿಂತಿತು?"

"ಮೂರೂವರೆಗೆ," ಎಂದೆ. ಮಕ್ಕಳ ಯೂನಿಫಾರಂ ಬಾಲ್ಕನಿಯಲ್ಲಿ ನೆನೆಯುತ್ತಿದೆ ಎಂದು ಎದ್ದು ಒಳಗೆ ತಂದವಳು ನಾನೇ.

ಆಮೇಲೆ ಅವರು ಬಳ್ಳಿಯನ್ನು ನೋಡಿದರು. ಕಾಯಿಯ ತೊಟ್ಟನ್ನು ಯಾರೂ ತಿರುಚಿರಲಿಲ್ಲ. ತೊಟ್ಟು ಬಳ್ಳಿಗೆ ಸೇರುವ ಕಡೆ, ಆಚೆ ಒಂದು ಗೇಣು ಈಚೆ ಒಂದು ಗೇಣು ಬಿಟ್ಟು, ಬಳ್ಳಿಯನ್ನೇ ಎರಡು ಕಡೆ ಕತ್ತರಿಸಿದ್ದರು. ಉಳಿದ ಬಳ್ಳಿಯನ್ನು ಎಲೆ ಮುರಿಯದ ಹಾಗೆ ಮತ್ತೆ ಹುಲ್ಲಿನ ಮೇಲೆ ಮಲಗಿಸಿದ್ದರು. ಕತ್ತರಿಸಿದ ತುದಿಯನ್ನು ಸಿಸ್ಟರಮ್ಮ ಬೆಳಕಿಗೆ ಹಿಡಿದರು. ಅದು ನುಣುಪಾಗಿರಲಿಲ್ಲ, ಜಜ್ಜಿಯೂ ಇರಲಿಲ್ಲ. ಬಾಚಣಿಗೆ ಎಳೆದಂತೆ ಸಣ್ಣ ಸಣ್ಣ ಗೆರೆಗಳಿದ್ದವು.

ಕೊನೆಗೆ ಹುಲ್ಲಿನೊಳಗಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಬಣ್ಣ ಮಾಸಿದ ಪುಟ್ಟ ದಾರದ ಕುಣಿಕೆ. ಕೆಂಪು, ಬಿಳಿ ಎರಡೂ ನೂಲು ಹೊಸೆದದ್ದು. ಗಂಟಿನಲ್ಲಿ ಒಣಗಿದ ಹಳದಿ ಎಸಳಿನ ಚೂರು ಸಿಕ್ಕಿಕೊಂಡಿತ್ತು.

"ದಾರ! ನೋಡಿದ್ರಾ?" ಎಂದರು ಮಾವ. "ದಾರ ಇಟ್ಕೊಳೋರು ಯಾರು?"

"ಹೊಲಿಗೆ ಮಿಷನ್ನಿಗೆ ಇಷ್ಟು ದಪ್ಪ ದಾರ ಹಾಕಿದ್ರೆ ಸೂಜಿ ಮುರಿಯತ್ತೆ ಡ್ರೈವರ್ರೇ," ಎಂದು ಸಿಸ್ಟರಮ್ಮ ಎದ್ದರು. "ಒಂದು ಕೇಳ್ತೀನಿ. ನಾಲ್ಕು ಬಳ್ಳಿ, ಒಂದೇ ಕಾಯಿ. ನಿಮ್ಮಾಕೆ ಇದ್ದಾಗ ಹತ್ತು ಹನ್ನೆರಡು ಬಿಡ್ತಿತ್ತು. ಈ ವರ್ಷ ಏನಾಯ್ತು? ಮಂಡಿ ನೋವಿಂದ ಮಳೆಗಾಲ ಪೂರ್ತಿ ನಾನು ಕೆಳಗೆ ಇಳೀಲಿಲ್ಲ, ನೋಡೋಕಾಗ್ಲಿಲ್ಲ."

"ನಾನೇನು ಕಡಿಮೆ ಮಾಡಿಲ್ಲ ಸಿಸ್ಟರ್," ಮಾವನ ಧ್ವನಿಯಲ್ಲಿ ನೋವಿತ್ತು. "ಗೊಬ್ಬರ, ನೀರು, ಎಲ್ಲಾ ಹೊತ್ತು ಹೊತ್ತಿಗೆ. ಸಾರ ಪೋಲಾಗಬಾರದು ಅಂತ ದಿನಾ ಸಂಜೆ ದಂಡ ಮೊಗ್ಗನ್ನೆಲ್ಲಾ ಚಿವುಟಿ ಹಾಕ್ತಿದ್ದೆ. ಕೆಲವು ಮೊಗ್ಗಿನ ಹಿಂದೆ ಪುಟ್ಟ ಕಾಯಿ ಇರತ್ತೆ, ಕೆಲವಕ್ಕೆ ಬರೀ ಕಡ್ಡಿ. ಆ ಕಡ್ಡಿ ಮೊಗ್ಗು ಇದಾವಲ್ಲ, ಅವು ಟಿಕೆಟ್ ಇಲ್ಲದ ಪ್ಯಾಸೆಂಜರ್ ಇದ್ದಂಗೆ. ಒಂದನ್ನೂ ಬಿಟ್ಟಿಲ್ಲ."

ಸಿಸ್ಟರಮ್ಮ ಒಂದು ಕ್ಷಣ ಅವರನ್ನೇ ನೋಡಿದರು.

"ಯಾರೂ ನಿಮಗೆ ಏನೂ ಹೇಳ್ಲಿಲ್ವಾ?"

"ಹೇಳೋಕೆ ಹೋಗಿದ್ದೆ," ಎಂದರು ಟೈಲರಮ್ಮ ಮೇಲಿನಿಂದ. "ನಾನು ನೀರು ಜಾಸ್ತಿ ಆಯ್ತು ಅಂದೆ. 'ಇದು ನನ್ನ ಹೆಂಡ್ತಿ ತೋಟ, ಯಾರೂ ಬುದ್ಧಿ ಹೇಳ್ಬೇಡಿ' ಅಂತ ಹರಿಹಾಯ್ದ್ರು. ಅವತ್ತಿಂದ ಈ ಕಡೆ ಯಾರೂ ಬಾಯಿ ಬಿಟ್ಟಿಲ್ಲ."

ಮಾವ ತಲೆ ತಗ್ಗಿಸಿದರು. "ನಾಳೆ ಇದೆಲ್ಲಾ ಕಿತ್ತು ಹಾಕ್ತೀನಿ. ಸಿಮೆಂಟ್ ಹಾಕಿಸಿಬಿಡ್ತೀನಿ. ಅವಳು ಕೊನೇಲಿ ಕೇಳಿದ್ದು ಒಂದೇ. ಬಳ್ಳಿ ನಿಲ್ಲಿಸಬೇಡಿ ಅಂತ. ಅದನ್ನೂ ಉಳಿಸಿಕೊಳ್ಳೋಕೆ ಆಗ್ಲಿಲ್ಲ."

"ಸಿಮೆಂಟು ನಾಳೆ ತಾನೇ? ಇವತ್ತು ಕೊಯ್ಲು," ಎಂದರು ಸಿಸ್ಟರಮ್ಮ. "ಕೊನೇ ಪ್ರಶ್ನೆ. ಈ ಕಾಯಿ ಮೂರು ತಿಂಗಳಿಂದ ಇಲ್ಲೇ ಕೂತಿತ್ತು. ಯಾರಾದ್ರೂ ಯಾವಾಗ ಬೇಕಾದ್ರೂ ಎತ್ಕೊಂಡು ಹೋಗಬಹುದಿತ್ತು. ನಿನ್ನೆ ಏನು ವಿಶೇಷ? ಯಾರ ಹತ್ರ ಏನು ಹೇಳಿದ್ರಿ?"

"ವಿಶೇಷ ಏನಿಲ್ಲ. ಸಂಜೆ ಬ್ರೆಡ್ ತರೋಕೆ ಹೋದಾಗ ಹೇಳ್ದೆ. ನಾಳೆ ಕೊಯ್ತೀನಿ, ಬೀಜ ತೆಗೆದು ಮಗಳಿಗೆ ಒಂದಿಷ್ಟು ಕಳಿಸ್ತೀನಿ, ಕಟ್ಟಡದಲ್ಲಿ ಎಲ್ಲರಿಗೂ ನಾಲ್ಕು ನಾಲ್ಕು ಕೊಡ್ತೀನಿ, ಅವಳ ಹೆಸರಲ್ಲಿ ಬಿತ್ತಿ ಅಂತ. ಟೈಲರಮ್ಮನೂ ಅಲ್ಲೇ ಇದ್ರು."

"ಅದಕ್ಕೇ ಕದ್ದೆನೇನೋ! ನಾಲ್ಕು ಬೀಜ ಸಾಲದು ಅಂತ!" ಎಂದು ಟೈಲರಮ್ಮ ಕಿಟಕಿ ಮುಚ್ಚಿದರು.

*

ಒಂಬತ್ತು ಗಂಟೆಗೆ ಸಿಸ್ಟರಮ್ಮ ನನ್ನನ್ನು ಬೇಕರಿಗೆ ಕರೆದುಕೊಂಡು ಹೋದರು. ಬಾಗಿಲಿನಿಂದಲೇ ಬಿಸಿ ಬ್ರೆಡ್ಡಿನ ವಾಸನೆ. ನನ್ನ ಮಟ್ಟಿಗೆ ಬ್ರೆಡ್ಡಣ್ಣನ ಮೇಲೆ ಅನುಮಾನ ಗಟ್ಟಿಯಾಗಿತ್ತು. ಪ್ರತಿ ವರ್ಷ ಅತ್ತೆಯ ಹತ್ತಿರ ಕುಂಬಳಕಾಯಿ ಕೇಳಿ ಪಡೆದು ಸಿಹಿ ಬನ್ನು ಮಾಡುತ್ತಿದ್ದವನು ಅವನು.

"ನಾಳೆ ಬೆಳಿಗ್ಗೆ ಮಾಡೋ ಬನ್ನಿಗೆ ಕುಂಬಳಕಾಯಿ ಬೇಕಾಗಿತ್ತೇನಪ್ಪ?" ಎಂದೆ, ಸ್ವಲ್ಪ ಖಾರವಾಗಿಯೇ.

ಅವನು ಪಕ್ಕದ ಓಣಿಯ ಬಾಗಿಲು ತೆರೆದು ತೋರಿಸಿದ. ಬೇಕರಿಯ ಕಸದ ಗುಂಡಿಯ ಮೇಲೆ ಒಂದು ಪೊಗದಸ್ತಾದ ಬಳ್ಳಿ ಗೋಡೆ ಏರಿತ್ತು. ಆರೇಳು ಕಾಯಿ, ಫುಟ್‌ಬಾಲಿನ ಹಾಗೆ ಗುಂಡಗೆ, ಕಿತ್ತಳೆ ಬಣ್ಣ.

"ಮಾರ್ಕೆಟ್ಟಿಂದ ತಂದ ಕಾಯಿ ಬೀಜ. ಕಸದಲ್ಲಿ ತಾನಾಗೇ ಹುಟ್ಟಿದ್ದು," ಎಂದ. "ಬನ್ನಿಗೆ ಇದು ಸಾಕಾಗಿ ಮಿಗತ್ತೆ."

ನನಗೆ ನಾಚಿಕೆಯಾಯಿತು. ಮನೆ ತುಂಬ ಇರುವವನು ನೆರೆಮನೆಯ ಒಂದಕ್ಕೆ ಯಾಕೆ ಕೈ ಹಾಕುತ್ತಾನೆ? ಅವನನ್ನು ನನ್ನ ಪಟ್ಟಿಯಿಂದ ಅಳಿಸಿದೆ. ಸಿಸ್ಟರಮ್ಮ ಮಾತ್ರ ಆ ಬಳ್ಳಿಯ ಕೊನೆಯ ಹೂವುಗಳನ್ನು ಬಹಳ ಹೊತ್ತು ನೋಡುತ್ತ ನಿಂತರು.

"ಚೆನ್ನಾಗಿ ಅರಳಿದೆ," ಎಂದರು. "ಎಷ್ಟು ಹೊತ್ತಿಗೆ ಅರಳತ್ತೆ ಇದು?"

"ನಾಲ್ಕೂವರೆ ಐದು. ಬಿಸಿಲು ಬಂದ್ರೆ ಮುದುಡಿ ಹೋಗತ್ತೆ. ಒಂದೇ ಬೆಳಿಗ್ಗೆ ಇದರ ಆಯಸ್ಸು." ಹೇಳಿದವನು ಏಕೋ ಮುಖ ತಿರುಗಿಸಿ ಟ್ರೇ ಒರೆಸತೊಡಗಿದ. "ಭಾವ ಏನಾದ್ರೂ ತಿಂದ್ರಾ ಸಿಸ್ಟರಮ್ಮ?"

"ಇಲ್ಲ."

ಅವನು ಉದ್ದನೆಯ ಚಾಕು ತೆಗೆದು ಒಂದು ಬ್ರೆಡ್ಡನ್ನು ಎಳೆದೆಳೆದು ಹೋಳು ಮಾಡಿದ. ನಾಲ್ಕು ಬೆಣ್ಣೆ ಬಿಸ್ಕತ್ತು ಸೇರಿಸಿ ಕಾಗದದಲ್ಲಿ ಸುತ್ತಿದ. ತಲೆಯ ಮೇಲೆ ತೂಗುತ್ತಿದ್ದ ಉಂಡೆಯಿಂದ ದಾರ ಎಳೆದು, ಒಂದೇ ಕೈಯಲ್ಲಿ ಗಂಟು ಹಾಕಿ ನನ್ನ ಕೈಗಿತ್ತ. "ಇದನ್ನು ಅವರಿಗೆ ಕೊಟ್ಬಿಡಿ. ದುಡ್ಡು ಬೇಡ."

ಮೆಟ್ಟಿಲು ಹತ್ತುವಾಗ ನಾನೆಂದೆ, "ಇನ್ನು ಉಳಿದಿದ್ದು ಟೈಲರಮ್ಮ ಒಬ್ರೇ."

"ಉಳಿದಿದ್ದು ಯಾರು ಅನ್ನೋದಲ್ಲ ಕಣೇ. ಯಾಕೆ ಅನ್ನೋದು," ಎಂದರು ಸಿಸ್ಟರಮ್ಮ. "ಮಗು ಹುಟ್ಟಿಸಿದವನೇ ಮಗೂನ ಯಾಕೆ ಕದ್ದ?"

ಅದರ ತಲೆಬುಡ ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಮಂಡಿ ನೋವಿನ ನೆಪ ಮಾಡಿ ಬಾಗಿಲು ಹಾಕಿಕೊಂಡರು.

*

ಮಧ್ಯಾಹ್ನ ಮೂರಕ್ಕೆ ಎಲ್ಲರೂ ಹಿತ್ತಿಲಲ್ಲಿ ಸೇರಿದೆವು. "ಕಾಯಿ ಹೋಯ್ತು ಅಂತ ಉಳಿದ ಬೆಳೆ ಕಾಯಲ್ಲ" ಎಂದು ಸಿಸ್ಟರಮ್ಮ ಹಟ ಹಿಡಿದಿದ್ದರು. ನಾನು ಕ್ಯಾರೆಟ್ ಕಿತ್ತು ಮಣ್ಣು ಕೊಡವಿದೆ. ಹಸಿರು ಟೊಮೆಟೊಗಳನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತಿ, ಕತ್ತಲಲ್ಲಿ ಹಣ್ಣಾಗಲಿ ಎಂದು ಪೆಟ್ಟಿಗೆಗೆ ತುಂಬಿದೆ. ಟೈಲರಮ್ಮ ಒಣಗಿದ ಹುರುಳಿಕಾಯಿಯನ್ನೆಲ್ಲ ಚಾಪೆಯ ಮೇಲೆ ಸುರಿದರು. ಬ್ರೆಡ್ಡಣ್ಣ ಅಂಗಡಿ ಮುಚ್ಚಿ ಬಂದ. ಮಾವನನ್ನು ನಾನೇ ಹೋಗಿ ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ.

"ಎಲ್ಲರೂ ಸಿಪ್ಪೆ ಬಿಡಿಸಿ," ಎಂದರು ಸಿಸ್ಟರಮ್ಮ. "ಕೈಗೆ ಕೆಲಸ ಇದ್ರೆ ಕಿವಿ ಚೆನ್ನಾಗಿ ಕೇಳತ್ತೆ. ನಾನು ಹೇಳ್ತಾ ಹೋಗ್ತೀನಿ."

ಚಟಚಟ ಎಂದು ಒಣಸಿಪ್ಪೆ ಒಡೆಯುವ ಸದ್ದಿನ ನಡುವೆ ಅವರು ಆರಂಭಿಸಿದರು.

"ಕಾಯಿ ಇದ್ದ ಜಾಗದ ಹುಲ್ಲು ಒಣಗಿತ್ತು. ಅಂದ್ರೆ ಮಳೆ ಬೀಳೋವಾಗ ಕಾಯಿ ಅಲ್ಲೇ ಇತ್ತು. ಮೂರೂವರೆ ಆದ್ಮೇಲೆ, ಡ್ರೈವರ್ರು ಬರೋ ಆರೂಕಾಲಿನ ಒಳಗೆ ಹೋಗಿದೆ. ಇನ್ನು ಕತ್ತರಿಸಿದ ರೀತಿ. ಕತ್ತರಿ ಹಾಕಿದ್ರೆ ಬಳ್ಳಿ ಎರಡೂ ಕಡೆಯಿಂದ ಜಜ್ಜಿ ಹೋಗತ್ತೆ. ಇಲ್ಲಿ ಜಜ್ಜಿಲ್ಲ. ಹಾಗಾಗಿ ಟೈಲರಮ್ಮನ ಕತ್ತರಿ ಅಲ್ಲ."

"ಕೇಳಿಸ್ಕೊಂಡ್ರಾ ಡ್ರೈವರಣ್ಣ?"

"ಕೇಳಿಸ್ತು ತಾಯಿ, ತಪ್ಪಾಯ್ತು."

"ತೊಟ್ಟಿನ ಜೊತೆ ಬಳ್ಳೀನೂ ಬಿಟ್ಟು ಕೊಯ್ದಿದ್ದಾರೆ. ಹಾಗೆ ಕೊಯ್ದ ಕಾಯಿ ತಿಂಗಳುಗಟ್ಟಲೆ ಕೆಡಲ್ಲ. ಇದು ಅವಸರದ ಕಳ್ಳನಿಗೆ ಗೊತ್ತಿರೋ ವಿಷಯ ಅಲ್ಲ. ನಿಮ್ಮಾಕೆ ಹೀಗೇ ಕೊಯ್ತಿದ್ರು ಡ್ರೈವರ್ರೇ. ಯಾರೋ ಅವರ ಹತ್ರ ಕಲಿತೋರು. ಕ್ಯಾರೆಟ್ ಸೊಪ್ಪು ಒಂದೂ ತುಳಿದಿಲ್ಲ, ಬಳ್ಳೀನ ಮಗೂನ ಮಲಗಿಸಿದ ಹಾಗೆ ಮಲಗಿಸಿದ್ದಾರೆ. ಇದು ದ್ವೇಷದ ಕೈಯಲ್ಲ."

ಮಾವ ತಲೆ ಎತ್ತಿದರು.

"ಈಗ ದಾರ," ಎಂದು ಅವರು ಕುಣಿಕೆಯನ್ನು ಚಾಪೆಯ ಮೇಲಿಟ್ಟರು. "ಗಂಟಲ್ಲಿ ಹೂವಿನ ಎಸಳಿದೆ. ಅಂದ್ರೆ ಈ ದಾರ ಇವತ್ತಿಂದಲ್ಲ. ಮೂರು ತಿಂಗಳ ಹಿಂದೆ, ಈ ಕಾಯಿ ಇನ್ನೂ ಹೂವಾಗಿದ್ದಾಗ, ಯಾರೋ ಆ ಹೂವಿನ ಬಾಯಿ ಕಟ್ಟಿದ್ದು. ಯಾಕೆ ಕಟ್ಟಿದ್ರು? ಡ್ರೈವರ್ರೇ, ಸಮಾಧಾನವಾಗಿ ಕೇಳಿ. ಕುಂಬಳದಲ್ಲಿ ಹೂವು ಎರಡು ಥರ. ಹಿಂದೆ ಪುಟ್ಟ ಕಾಯಿ ಇರೋದು ಹೆಣ್ಣು. ಬರೀ ಕಡ್ಡಿ ಇರೋದು ಗಂಡು. ಗಂಡು ಹೂವಿನ ಪುಡಿ ಹೆಣ್ಣಿಗೆ ತಾಗಿದ್ರೆ ಮಾತ್ರ ಕಾಯಿ ನಿಲ್ಲತ್ತೆ. ಇಲ್ದಿದ್ರೆ ಪುಟ್ಟ ಕಾಯಿ ಹಳದಿಯಾಗಿ ಉದುರತ್ತೆ."

ಸಿಪ್ಪೆಯ ಸದ್ದು ನಿಂತುಹೋಯಿತು.

"ಹಳದಿಯಾಗಿ..." ಎಂದರು ಮಾವ. "ಎಲ್ಲಾ ಹಾಗೇ ಉದುರಿದವು. ಅಂದ್ರೆ ನಾನೇ... ದಿನಾ ಸಂಜೆ, ನಾನೇ ಚಿವುಟಿ ಹಾಕಿದ್ದು..."

"ಗೊತ್ತಿಲ್ಲದೆ ಮಾಡಿದ ಆರೈಕೆ ಅದು. ವಾರ್ಡಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದೀನಿ. ಮುಂದೆ ಕೇಳಿ. ನಿಮ್ಮ ಪಾತಿಯಲ್ಲಿ ಗಂಡು ಹೂವೇ ಇರಲಿಲ್ಲ. ಆದ್ರೂ ಒಂದು ಕಾಯಿ ನಿಂತಿತು. ಯಾರೋ ಬೇರೆ ಕಡೆಯಿಂದ ಗಂಡು ಹೂವು ತಂದು, ಮುಟ್ಟಿಸಿ, ಬೇರೆ ಪುಡಿ ಸೇರದಿರಲಿ ಅಂತ ದಾರ ಕಟ್ಟಿದ್ದಾರೆ. ಆ ಹೂವು ಅರಳೋದು ಬೆಳಗಿನ ಜಾವ. ಅಷ್ಟು ಹೊತ್ತಿಗೆ ದಿನಾ ಎದ್ದಿರೋರು ಈ ಕಟ್ಟಡದಲ್ಲಿ ಯಾರು? ಹತ್ತಿರದಲ್ಲಿ ಇನ್ನೊಂದು ಕುಂಬಳದ ಬಳ್ಳಿ ಎಲ್ಲಿದೆ? ಹಲ್ಲು ಹಲ್ಲಾದ ಚಾಕು ಯಾರ ಹತ್ರ ಇರತ್ತೆ?"

ನಾನು ಬೆಳಿಗ್ಗೆ ತಂದ ಪೊಟ್ಟಣವನ್ನು ಮಾವ ಬಿಚ್ಚಿರಲಿಲ್ಲ. ಹಾಗೇ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಅದಕ್ಕೆ ಸುತ್ತಿದ ದಾರವನ್ನು ಈಗ ಎಲ್ಲರೂ ನೋಡಿದೆವು. ಕೆಂಪು ಬಿಳಿ ನೂಲು. ಹೊತ್ತು ತಂದವಳು ನಾನು, ಕಣ್ಣಿದ್ದೂ ಕುರುಡಿ.

"ಆದ್ರೆ ಅವನ ಕಸದ ಗುಂಡಿ ಮೇಲೆ ಆರೇಳು ಕಾಯಿ ಇದೆಯಲ್ಲ!" ಎಂದೆ.

"ಅದೇ ಉತ್ತರ ಕಣೇ. ಅವನಿಗೆ ಕಾಯಿ ಬೇಡ. ಕಾಯಿ ಕದಿಯೋಕೆ ಮೂರು ತಿಂಗಳು ಟೈಮ್ ಇತ್ತು. ಬೀಜ ಹಂಚ್ತೀನಿ ಅಂತ ಡ್ರೈವರ್ರು ಹೇಳಿದ ರಾತ್ರೀನೇ ಕದ್ದ. ಮಾರ್ಕೆಟ್ ಕುಂಬಳದ ಪುಡಿ ತಾಗಿದ ಕಾಯಿ ಹೊರಗಿಂದ ಥೇಟ್ ತಾಯಿ ಹಾಗೇ ಇರತ್ತೆ. ಒಳಗಿನ ಬೀಜ ಮಾತ್ರ ಬೆರಕೆ. ಅದನ್ನ ಬಿತ್ತಿದ್ರೆ ಬರೋದು ಆಕೆಯ ತಳಿ ಅಲ್ಲ. ಏನು ಬರುತ್ತೋ ಯಾರಿಗೂ ಗೊತ್ತಿಲ್ಲ."

ಬ್ರೆಡ್ಡಣ್ಣ ಎದ್ದು ನಿಂತಿದ್ದ. ಕೈಯಲ್ಲಿ ಬಿಡಿಸದ ಒಂದು ಹುರುಳಿಕಾಯಿ ಹಾಗೇ ಇತ್ತು.

"ಸುಮ್ಮನೆ ತಿಂತಾರೆ ಅಂದ್ಕೊಂಡಿದ್ದೆ ಭಾವ," ಎಂದ. "ಪುಟ್ಟ ಕಾಯಿಗಳು ಉದುರೋದನ್ನ ನೀವು ದಿನಾ ಕೂತು ನೋಡ್ತಿದ್ರಿ. ನನಗೆ ತಡೆಯೋಕಾಗ್ಲಿಲ್ಲ. ಹೇಳೋಕೆ ಅಂತ ಎರಡು ಸಲ ಬಂದೆ. ಯಾರೂ ಬುದ್ಧಿ ಹೇಳ್ಬೇಡಿ ಅಂದ್ರಿ. ಒಂಬತ್ತು ದಿನ ಪ್ರಯತ್ನ ಪಟ್ಟೆ. ಒಂದೇ ಒಂದು ನಿಂತಿತು. ಅದನ್ನ ನೋಡಿ ನೀವು, 'ನನಗೋಸ್ಕರ ಅವಳೇ ಕೊಟ್ಲು' ಅಂದ್ರಿ. ಆಮೇಲೆ ಬಾಯಿ ಬಿಡೋದು ಹೇಗೆ? ನಿನ್ನೆ ನೀವು ಎಲ್ಲರಿಗೂ ಅಕ್ಕನ ಬೀಜ ಅಂತ ಹಂಚ್ತೀನಿ ಅಂದಾಗ ಇನ್ನು ಸುಮ್ಮನಿರಬಾರದು ಅನ್ನಿಸ್ತು. ಅಕ್ಕನ ಹೆಸರಲ್ಲಿ ನನ್ನ ಕಸದ ಬಳ್ಳಿ ಊರೆಲ್ಲಾ ಹಬ್ಬಬಾರದು ಅಲ್ವಾ?"

"ಅದಕ್ಕೆ ಕದ್ದು ಮುಚ್ಚಿಟ್ಟೆಯಾ?" ಎಂದರು ಟೈಲರಮ್ಮ.

"ಮುಚ್ಚಿಡೋಕಲ್ಲ. ಬೆಳಗಾಗೋದ್ರೊಳಗೆ ವಾಪಸ್ ಇಡೋನಿದ್ದೆ." ಅವನು ಕೆನ್ನೆ ಉಜ್ಜಿಕೊಂಡ, ಹಿಟ್ಟು ಅಂಟಿತು. "ಎರಡು ವರ್ಷದ ಹಿಂದೆ ಅಕ್ಕ ನನಗೂ ಬೀಜ ಕೊಟ್ಟಿದ್ರು. ಅವರ ಕೈಯಾರೆ ದಾರ ಕಟ್ಟಿದ ಕಾಯಿದು, ಅಪ್ಪಟ. ಬಿತ್ತೋಕೆ ಪುರುಸೊತ್ತಾಗದೆ ಡಬ್ಬಿಯಲ್ಲೇ ಇತ್ತು. ಕಾಯಿಯ ತಳದಲ್ಲಿ ಸಣ್ಣ ತೂತು ಮಾಡಿ, ಒಳಗಿನ ಬೀಜ ತೆಗೆದು, ಆ ಬೀಜ ತುಂಬಿಬಿಡೋಣ ಅಂತ. ಬನ್ನಿಗೆ ಕ್ರೀಮ್ ತುಂಬ್ತೀವಲ್ಲ, ಹಾಗೆ."

ಮೊದಲು ಟೈಲರಮ್ಮ, ಆಮೇಲೆ ನಾನು, ಕೊನೆಗೆ ಸಿಸ್ಟರಮ್ಮ ಕೂಡ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಟ್ಟೆವು.

"ತೂತಿಗೆ ಏನು ಬಳಿಯೋನಿದ್ದೆಯೋ ಪುಣ್ಯಾತ್ಮ? ಐಸಿಂಗಾ?" ಎಂದರು ಟೈಲರಮ್ಮ.

"ಅದೇ ಹೊಳೀಲಿಲ್ಲ," ಎಂದ ಅವನು ಪ್ರಾಮಾಣಿಕವಾಗಿ. "ಚಾ‌ಕು ಹಿಡಿದು ಅರ್ಧ ಗಂಟೆ ಕೂತೆ. ಇಷ್ಟು ಚೆಂದದ ಕಾಯಿಗೆ ತೂತು ಮಾಡೋಕೆ ಕೈ ಬರಲಿಲ್ಲ. ಅಷ್ಟರಲ್ಲಿ ಭಾವ ಕೂಗಿದ್ರು."

ಅವನು ಒಳಗೆ ಹೋಗಿ, ಹಿಟ್ಟಿನ ಡ್ರಮ್ಮಿನಿಂದ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಾವನ ಕಾಲ ಬಳಿ ಇಟ್ಟ. ಮೈಯೆಲ್ಲ ಮೈದಾ ಮೆತ್ತಿಕೊಂಡ ಬೂದು ಬಣ್ಣದ ಕುಂಬಳಕಾಯಿ. ಅದರ ಪಕ್ಕದಲ್ಲಿ ಬೇಕಿಂಗ್ ಪೌಡರಿನ ಒಂದು ಹಳೆಯ ಡಬ್ಬಿ. ಒಳಗೆ ಬಿಲ್ಲಿನ ಹಾಳೆಯಲ್ಲಿ ಕಟ್ಟಿದ ಪೊಟ್ಟಣ.

ಮಾವ ಪೊಟ್ಟಣ ಬಿಚ್ಚಿದರು. ಬಿಳಿಯ, ದಪ್ಪನೆಯ ಹನ್ನೊಂದು ಬೀಜ. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಓರೆಕೋರೆಯಾಗಿ ಅತ್ತೆಯ ಕೈಬರಹದ ಒಂದು ಸಾಲು. ಅವರು ಓದುವುದನ್ನು ನಾವು ನೋಡಿದೆವು. ಹಾಳೆಯನ್ನು ನನಗೆ ಕೊಟ್ಟರು. 'ಬಿತ್ತದೆ ಇಟ್ಕೊಂಡ್ರೆ ಕಿವಿ ಹಿಂಡ್ತೀನಿ' ಎಂದಿತ್ತು.

"ಬೀಜ ಮೊಳೆಯತ್ತಾ ಸಿಸ್ಟರ್? ಎರಡು ವರ್ಷ ಆಗಿದೆ."

"ಒಣಗಿದ ಡಬ್ಬಿಯಲ್ಲಿದ್ರೆ ನಾಲ್ಕು ವರ್ಷ ಆದ್ರೂ ಮೊಳೆಯತ್ತೆ."

ಮಾವ ಬೀಜಗಳನ್ನು ಅಂಗೈಯಲ್ಲಿ ಹರಡಿ, ಐದನ್ನು ಬೇರೆ ಮಾಡಿ ಬ್ರೆಡ್ಡಣ್ಣನ ಹಿಟ್ಟಿನ ಕೈಗೆ ಹಾಕಿದರು. "ಅವಳು ನಿನಗೆ ಕೊಟ್ಟಿದ್ದು. ಬಿತ್ತು. ನಿನ್ನ ಕಿವಿ ಹಿಂಡೋ ಕೆಲಸ ನನಗೆ ಬೇಡ." ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದರು: "ನಿನಗೆ ಹೂವು ಮುಟ್ಟಿಸೋದು ಕಲಿಸಿದ್ದು ಅವಳೇನಾ?"

"ಅವರೇ. ನನ್ನ ಅಂಗಡಿ ದಾರ ಬೇಕು ಅಂತ ಬರ್ತಿದ್ರು. ಹೂವಿನ ಕಾಲದಲ್ಲಿ ದಿನಾ, ಬೆಳಿಗ್ಗೆ ಐದಕ್ಕೆ."

"ನನಗೆ ಗೊತ್ತೇ ಇಲ್ಲ," ಎಂದರು ಮಾವ. "ಮೂವತ್ತೆರಡು ವರ್ಷ ಮೊದಲನೇ ಬಸ್ಸು ನಂದೇ. ನಾಲ್ಕಕ್ಕೆ ಮನೆ ಬಿಡ್ತಿದ್ದೆ. ಐದು ಗಂಟೆಗೆ ಅವಳು ಹೇಗಿರ್ತಾಳೆ ಅಂತ ನಾನು ಯಾವತ್ತೂ ನೋಡಿಲ್ಲ."

ಸಿಸ್ಟರಮ್ಮ ನನ್ನ ಮೊಣಕೈ ಹಿಡಿದರು. ಟೈಲರಮ್ಮ ಆಗಲೇ ಬಿಡಿಸಿದ ಕಾಳಿನ ಬುಟ್ಟಿ ಎತ್ತಿಕೊಂಡಿದ್ದರು. ನಾನು ಟೊಮೆಟೊ ಪೆಟ್ಟಿಗೆ ಸೊಂಟಕ್ಕೆ ಆನಿಸಿಕೊಂಡೆ. ಮೂವರೂ ಸದ್ದಿಲ್ಲದೆ ಮೆಟ್ಟಿಲ ಕಡೆ ಸರಿದೆವು.

ಹಿಂದೆ ಬ್ರೆಡ್ಡಣ್ಣ ಚಾಪೆಯ ಮೇಲೆ ಕುಳಿತು ಹೇಳುತ್ತಿದ್ದ: "ತಲೆಗೆ ಮಫ್ಲರ್ ಸುತ್ಕೊಂಡಿರ್ತಿದ್ರು. ನಿಮ್ಮದೇ ಇರಬೇಕು, ಖಾಕಿದು. ಮೊದಲನೇ ದಿನ ನಾನು ಹೂವನ್ನ ಹಿಟ್ಟು ಹಿಡಿದಂಗೆ ಗಬಕ್ಕನೆ ಹಿಡಿದೆ. ಫಟ್ ಅಂತ ಕೈ ಮೇಲೆ ಹೊಡೆದ್ರು ಭಾವ."

"ಹೊಡೀತಾಳೆ," ಎಂದರು ಡ್ರೈವರ್ ಮಾವ, ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಅವಳು ಹೊಡೀತಾಳೆ. ಆಮೇಲೆ?"